ಏಸ ಬ್ಯಾರಿಕ್‌ನ ಹೆಸರಿದ್ದ ಬಂದೂಕು

ವರ್ಲಿನ್ ಕ್ರೌಸ್ ಮೂವತ್ತೆಂಟು ವರ್ಷ ನಮ್ಮ ಕಣಿವೆಯ ಕಾಗದದ ಗಿರಣಿಯಲ್ಲಿ ಕಬ್ಬಿಣ ಕಡೆಯುವ ಲೇತ್ ನಡೆಸಿದವನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಆ ತುಂಡನ್ನು ಗುಜರಿ ಡಬ್ಬಕ್ಕೆ ಎಸೆದು ಮೊದಲಿಂದ ಶುರುಮಾಡುತ್ತಿದ್ದ. ಮಾತು ಕಡಿಮೆ. ನಗು ಬಂದರೂ ಮೀಸೆಯೊಳಗೇ ಮುಗಿಸಿಕೊಳ್ಳುತ್ತಿದ್ದ. ಇಂಥ ಮನುಷ್ಯ ಹತ್ತೊಂಬತ್ತು ವರ್ಷ ಒಂದು ಸುಳ್ಳನ್ನು ಮನೆಯಲ್ಲಿಟ್ಟುಕೊಂಡು, ಅದಕ್ಕೆ ಎಣ್ಣೆ ಹಚ್ಚಿ, ಒರೆಸಿ, ಕಾಪಾಡಿದ ಅಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ಯಾರೂ ನಂಬುವುದಿಲ್ಲ ಅನ್ನುವುದೇ ಅವನಿಗೆ ದೊಡ್ಡ ಕಷ್ಟವಾಗಿತ್ತು.

ಹಳೆ ಬಂದೂಕಿನ ಹುಚ್ಚು ಅವನಿಗೆ ಹತ್ತಿದ್ದು 1976ರಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂರು ವರ್ಷ ತುಂಬಿತು ಅಂತ ಆ ವರ್ಷ ಕಂಡಕಂಡವರೆಲ್ಲ ಅಟ್ಟ ಹತ್ತಿ ಮುತ್ತಜ್ಜಂದಿರ ಸಾಮಾನು ಕೆಳಗಿಳಿಸಿದ್ದರು. ಗಿರಣಿಯ ಜೊತೆಗಾರನೊಬ್ಬ ಒಂದು ಸ್ಪ್ರಿಂಗ್‌ಫೀಲ್ಡ್ ರೈಫಲ್ ಹೊತ್ತು ತಂದ. ದೇಶದೊಳಗೇ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ನಡೆಯುತ್ತಿದ್ದಾಗ ಸರ್ಕಾರ ಮಾಡಿಸಿದ್ದು, ಪಕ್ಕದ ಕಬ್ಬಿಣದ ತಟ್ಟೆಯ ಮೇಲೆ ಹದ್ದಿನ ಗುರುತು, 1862 ಅಂತ ಇಸವಿ. ಅದರ ಕುದುರೆಯ, ಅಂದರೆ ಗುಂಡು ಹಾರಿಸಲು ಬಡಿಯುವ ಸುತ್ತಿಗೆಯ, ತಿರುಪು ಕಳೆದುಹೋಗಿತ್ತು, ಹೊಸದು ಮಾಡಿಕೊಡು ಅಂದ. ವರ್ಲಿನ್ ಮಾದರಿಗೆಂದು ಬೇರೆ ಊರಿನ, ಬೇರೆ ಕಾರ್ಖಾನೆಯ, ಎರಡು ವರ್ಷ ತಡವಾಗಿ ಮಾಡಿದ ಇನ್ನೊಂದು ಬಂದೂಕಿನ ತಿರುಪು ತರಿಸಿ, ಸುಮ್ಮನೆ ಇದರಲ್ಲಿಟ್ಟು ತಿರುಗಿಸಿ ನೋಡಿದ. ಅದು ಸಲೀಸಾಗಿ ಹೋಗಿ ಕೂತಿತು. ಕರೆಂಟಿಲ್ಲದ ಕಾಲದಲ್ಲಿ ಒಬ್ಬರನ್ನೊಬ್ಬರು ಕಾಣದ ಇಬ್ಬರು ಲೇತಿನವರು ಒಂದೇ ಅಳತೆಗೆ ಮಾಡಿದ್ದರು. ವರ್ಲಿನ್‌ಗೆ ಮೈ ಜುಂ ಎಂದಿತು. ಅವನ ಹೆಂಡತಿ ಎರ್ಮಾ ಇವತ್ತಿಗೂ ಹೇಳುತ್ತಾಳೆ, ಮದುವೆ ದಿನ ಕೂಡ ಅವನ ಮುಖ ಅಷ್ಟು ಅರಳಿರಲಿಲ್ಲವಂತೆ.

ಅಲ್ಲಿಂದ ಮನೆಯ ಹಿಂದಿನ ಕೋಣೆ ಬಂದೂಕುಗಳ ಪಾಲಾಯಿತು. ಮದ್ದು ಜಡಿದು ಹೊಡೆಯುವವು, ಆಮೇಲೆ ಬಂದ, ಮೇಲಿನ ಮುಚ್ಚಳ ಎತ್ತಿ ತೋಟಾ ತುಂಬುವವು, ಎಲ್ಲ ಸೇರಿ ಹದಿನೇಳು. ತೇವ ಹೀರುವ ಯಂತ್ರ ವರ್ಷವಿಡೀ ಗುಂಯ್‌ಗುಡುತ್ತಿತ್ತು. ಈ ಮಂದಿಗೆ ಅವರದೇ ಕಟ್ಟುಪಾಡುಗಳಿವೆ. ಕೇಳದೆ ಮುಟ್ಟುವ ಹಾಗಿಲ್ಲ. ಕೈಗೆ ಬಂದ ಕೂಡಲೇ ಮದ್ದು ಜಡಿಯುವ ಸರಳನ್ನು ನಳಿಗೆಯೊಳಗೆ ಬಿಡಬೇಕು. ಠಣ್ ಅಂದರೆ ಖಾಲಿ, ದಪ್ ಅಂದರೆ ನೂರು ವರ್ಷದ ಹಿಂದೆ ಯಾರೋ ತುಂಬಿದ ಗುಂಡು ಇನ್ನೂ ಒಳಗೇ ಕೂತಿದೆ. ಮುಟ್ಟಿದ ಮೇಲೆ ಬೆರಳಿನ ಗುರುತನ್ನು ಎಣ್ಣೆಬಟ್ಟೆಯಿಂದ ಒರೆಸಿಯೇ ಇಡಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು, ಹಳೆಯದನ್ನು ಹೊಸದು ಮಾಡಬಾರದು. ಕಬ್ಬಿಣದ ಕಂದು, ಮರದ ಕೊಳೆ, ಗೀರು, ಕಲೆ, ಯಾವುದನ್ನೂ ಮುಟ್ಟಬಾರದು. ಬಂದೂಕಿನ ಮಾತೆಲ್ಲ ಆ ಕೊಳೆಯಲ್ಲೇ ಇರುತ್ತದೆ.

ಇದು ವರ್ಲಿನ್‌ಗೆ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. 1978ರಲ್ಲಿ ಕೆಪ್ನರ್ ಎಂಬುವವರ ಹಳೆ ತೋಟದ ಮನೆಯ ಹರಾಜಿನಲ್ಲಿ ಅವನು ತನ್ನ ಎರಡನೆಯ ಸ್ಪ್ರಿಂಗ್‌ಫೀಲ್ಡ್ ಕೊಂಡ. ಮನೆಗೆ ತಂದವನೇ, ಹಳೆ ಕುರ್ಚಿ ರಿಪೇರಿ ಮಾಡುವವರ ಹಾಗೆ, ಉಪ್ಪುಕಾಗದ ಹಿಡಿದು ಅದರ ಅಕ್ರೋಟದ ಮರವನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿ ಅಗಸೆಣ್ಣೆ ಹಚ್ಚಿಬಿಟ್ಟ. ಎಡಗಡೆ, ಗುರಿಯಿಡುವಾಗ ಕೆನ್ನೆ ಒತ್ತುವ ಜಾಗದಲ್ಲಿ, ಏನೋ ಗೀಚಿತ್ತು. ಯಾವುದೋ ಪೋರ ಚಾಕು ಆಡಿಸಿದ್ದಾನೆ ಅಂದುಕೊಂಡು ಅಲ್ಲಿ ಇನ್ನೂ ಒತ್ತಿ ಉಜ್ಜಿದ. ಇಪ್ಪತ್ತು ನಿಮಿಷದ ಕೆಲಸ. ಮುಂದಿನ ತಿಂಗಳು ಸಂಗ್ರಾಹಕರ ಕ್ಲಬ್ಬಿಗೆ ಹೆಮ್ಮೆಯಿಂದ ಒಯ್ದಾಗ ಅಲ್ಲಿನ ಹಿರಿಯ ಮರ್ವಿನ್ ಸ್ಟಾಲ್ ಅದನ್ನು ತಿರುಗಿಸಿ ನೋಡಿ, "ಲೋ ಕ್ರೌಸ್, ಒಳ್ಳೆ ಊಟದ ಮೇಜು ಮಾಡಿದ್ದೀಯ ಕಣೋ. ಕಾಲು ನಾಲ್ಕು ಎಲ್ಲಿ?" ಅಂದ. ಸರ್ಕಾರದ ತಪಾಸಣೆಯವನು ಮರಕ್ಕೆ ಒತ್ತಿದ್ದ ಮುದ್ರೆ ಕೂಡ ಅಳಿಸಿಹೋಗಿತ್ತು. ವರ್ಲಿನ್ ಕಿವಿ ಕೆಂಪಾಗಿ ಮನೆಗೆ ಬಂದು ಆ ಬಂದೂಕನ್ನು ಮೂಲೆಗಿಟ್ಟ. ಹನ್ನೊಂದು ವರ್ಷ ಅದರ ಸುದ್ದಿಗೇ ಹೋಗಲಿಲ್ಲ.

ಹನ್ನೊಂದು ವರ್ಷದ ಮೇಲೆ, ಒಂದು ಸೆಪ್ಟೆಂಬರ್ ಮಧ್ಯಾಹ್ನ, ಲುಸೆಟ್ಟಾ ಬ್ಯಾರಿಕ್ ಅವನ ಮನೆ ಬಾಗಿಲು ತಟ್ಟಿದಳು. ಗುಡ್ಡದ ಆಚೆ ಕಣಿವೆಯ ಶಾಲೆಯಲ್ಲಿ ನಲವತ್ತು ವರ್ಷ ಟೀಚರಾಗಿದ್ದವಳು, ಮದುವೆಯಾದವಳಲ್ಲ. ಎರಡೂ ಕಣಿವೆಯ ಅರ್ಧ ಜನಕ್ಕೆ ಕಾಗುಣಿತ ಕಲಿಸಿದ್ದರಿಂದ ಅಜ್ಜಂದಿರು ಕೂಡ ಅವಳನ್ನು ಮಿಸ್ ಬ್ಯಾರಿಕ್ ಅಂತಲೇ ಕರೆಯುತ್ತಿದ್ದರು. ಕೈಯಲ್ಲಿ ಒಂದು ಹಳೆ ಕಾಗದವಿತ್ತು. ಅವಳ ಮುತ್ತಜ್ಜನ ತಮ್ಮ ಏಸ ಬ್ಯಾರಿಕ್ ಇಪ್ಪತ್ತನೇ ವಯಸ್ಸಿಗೆ ಯುದ್ಧಕ್ಕೆ ಹೋಗಿ 1864ರಲ್ಲಿ ವರ್ಜೀನಿಯಾದ ಯಾವುದೋ ಕಾಡಿನಲ್ಲಿ ಸತ್ತ. ಎಲ್ಲಿ ಹೂತರೋ ಯಾರಿಗೂ ಗೊತ್ತಿಲ್ಲ. ಅದೇ ತುಕಡಿಯಲ್ಲಿದ್ದ ಜೇಕಬ್ ಕೆಪ್ನರ್ ಏಸನ ತಾಯಿಗೆ ಬರೆದ ಕಾಗದ ಇದು. ಏಸನ ಬಂದೂಕನ್ನು ತಾನು ಮನೆಗೆ ತಂದಿದ್ದೇನೆ, ಅದರ ಎಡಗಡೆಯ ಮರದ ಮೇಲೆ ಅವನು ತನ್ನ ಕೈಯಾರೆ ಹೆಸರು ಕೆತ್ತಿಕೊಂಡಿದ್ದಾನೆ, ಬಂದಾಗ ತೋರಿಸುತ್ತೇನೆ ಅಂತ ಅದರಲ್ಲಿತ್ತು. ತಾಯಿ ಗುಡ್ಡ ದಾಟುವ ಮೊದಲೇ ತೀರಿಕೊಂಡಳು. ಕಾಗದ ಪೆಟ್ಟಿಗೆಯ ತಳದಲ್ಲಿ ಉಳಿದು, ಈಗ ಇವಳ ಕೈಗೆ ಸಿಕ್ಕಿತ್ತು.

"ಹರಾಜು ಕೂಗಿದೋನು ನಿಮ್ಮ ಹೆಸರು ಹೇಳಿದ," ಅಂದಳು ಮಿಸ್ ಬ್ಯಾರಿಕ್. "ಏಸಂದು ಅಂತ ನಮ್ಮ ಮನೇಲಿ ಒಂದು ಅಂಗಿ ಗುಂಡಿ ಕೂಡ ಇಲ್ಲ, ಮಿಸ್ಟರ್ ಕ್ರೌಸ್. ಒಂದು ಪಟ ಇಲ್ಲ, ಒಂದು ಸಮಾಧಿ ಇಲ್ಲ. ಆ ಹೆಸರನ್ನ ಒಂದ್ಸಲ ನೋಡ್ಬೇಕು. ಅಷ್ಟೇ."

ತನ್ನ ಬೆರಳಿನ ಕೆಳಗೆ ಪುಡಿಪುಡಿಯಾಗಿ ಉದುರಿದ ಆ ಗೀಚು ವರ್ಲಿನ್‌ನ ಕಣ್ಣ ಮುಂದೆ ಬಂತು. ಏನಿತ್ತು ಅಲ್ಲಿ? ಒಂದು ಓರೆ ಗೆರೆ, ಒಂದು ನೆಟ್ಟಗಿನ ಗೆರೆ. ಅಷ್ಟೇ ನೆನಪು. ಆಗಲೇ ಅಲ್ಲೇ ಹೇಳಿಬಿಡಬೇಕಿತ್ತು: ಅಮ್ಮಾ, ನಾನು ದಡ್ಡ, ಉಜ್ಜಿಬಿಟ್ಟೆ. ಅವಳು ಅಳುತ್ತಿದ್ದಳು, ಬಯ್ಯುತ್ತಿದ್ದಳು, ಹೊರಟುಹೋಗುತ್ತಿದ್ದಳು. ಅವನು ಬಾಯಿ ತೆರೆದ. ಬಂದ ಮಾತೇ ಬೇರೆ.

"ಬಂದೂಕು ಈಗ ಇಲ್ಲಿಲ್ಲ. ಕ್ಲಬ್ಬಲ್ಲಿದೆ. ಎರಡು ವಾರ ಬಿಟ್ಟು ಬನ್ನಿ."

ಆ ಎರಡು ವಾರ ಅವನು ಗಿರಣಿಯಿಂದ ಬಂದವನೇ ಗ್ಯಾರೇಜಿಗೆ ನುಗ್ಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಮುರಿದ ಹಳೆ ಮರದ ಮೇಲೆ ಮೂರು ಸಲ ಕೆತ್ತಿ ಅಭ್ಯಾಸ ಮಾಡಿದ. ಕೊನೆಗೆ ಆ ಕಾಲದ ಒಂದು ಮಡಚುಚಾಕು ತೆಗೆದುಕೊಂಡು ಬಂದೂಕಿನ ಮೇಲೆ ಏಸ ಬ್ಯಾರಿಕ್ ಎಂದು ಒಂದೊಂದೇ ಅಕ್ಷರ ಕೊರೆದ. ದುಡ್ಡಿನ ಆಸೆಗಲ್ಲ, ಹೆಸರಿಗಲ್ಲ. ತಾನು ಅಳಿಸಿದ್ದನ್ನು ತಾನೇ ವಾಪಸು ಬರೆದರೆ ಇದ್ದ ಹಾಗೆ ಆಗುತ್ತದೆ, ಯಾರಿಗೂ ನಷ್ಟವಿಲ್ಲ ಅಂತ ಅವನ ಯೋಚನೆ. ಜೀವಮಾನದಲ್ಲಿ ಅಳತೆಪಟ್ಟಿ ಇಡದೆ ಅವನು ಮಾಡಿದ ಕೆಲಸ ಅದೊಂದೇ. ಅಕ್ಷರಗಳು ಇಪ್ಪತ್ತು ವರ್ಷದ ಹುಡುಗನ ಕೈಯವು ಅನ್ನಿಸಲಿ ಅಂತ ಬೇಕೆಂದೇ ಸೊಟ್ಟಗೆ ಬಿಟ್ಟ. ಕೊನೆಯ ಅಕ್ಷರದ ಕಾಲು ಎಳೆಯುತ್ತಿದ್ದಾಗ ಅಡುಗೆಮನೆಯಿಂದ ಎರ್ಮಾ ಕೂಗಿದಳು.

"ವರ್ಲಿನ್! ಊಟ ಆರ್ತಾ ಇದೆ!"

ಚಾಕು ಜಾರಿತು. ಕಾಲು ಒಂದು ಗೋಧಿಕಾಳಿನಷ್ಟು ಉದ್ದವಾಗಿ ಆಚೆ ಹೋಯಿತು. ಮರಕ್ಕೆ ಬೆಸುಗೆ ಹಾಕಲು ಬರುವುದಿಲ್ಲ, ಹಾಗೇ ಬಿಟ್ಟ. ಆಮೇಲೆ ಒಲೆಯ ಮಸಿ, ಅಕ್ರೋಟದ ಹಸಿ ಸಿಪ್ಪೆಯ ರಸ, ಅಗಸೆಣ್ಣೆ ಎಲ್ಲ ಮೆತ್ತಿ ತಿಕ್ಕಿ ನೂರಿಪ್ಪತ್ತೈದು ವರ್ಷದ ಕೊಳೆ ತಂದ. ಸಿಪ್ಪೆಯ ರಸ ಬೆರಳಿಂದ ತಿಂಗಳಾದರೂ ಹೋಗಲಿಲ್ಲ. ಎರ್ಮಾ ಊಟದ ಮೇಜಿನಲ್ಲಿ ಅವನ ಕಂದು ಬೆರಳುಗಳನ್ನು ನೋಡಿ, "ಗಿರಣಿಯಲ್ಲಿ ಈಗ ಬಣ್ಣ ಹಾಕೋ ಕೆಲಸಾನೂ ನಿಂಗೇ ಕೊಟ್ರಾ?" ಅಂದು ಹಂದಿಮಾಂಸ, ಹುಳಿಕೋಸಿನ ಬಟ್ಟಲನ್ನು ಅವನತ್ತ ಸರಿಸಿದಳು. ಮತ್ತೇನೂ ಕೇಳಲಿಲ್ಲ.

ಮಿಸ್ ಬ್ಯಾರಿಕ್ ಹೇಳಿದ ದಿನಕ್ಕೆ ಬಂದಳು. ಹಸಿರು ಬನಾತು ಹಾಸಿದ ಮೇಜಿನ ಮೇಲೆ ಬಂದೂಕು ಮಲಗಿತ್ತು. ವರ್ಲಿನ್ ಬಿಳಿ ಕೈಗವಸು ಕೊಡಹೋದ.

"ನಮ್ಮ ಹುಡುಗನ ಹೆಸರು ಮುಟ್ಟೋಕೆ ಗವಸು ಯಾಕೆ?" ಅಂದವಳು ಬರಿಬೆರಳಲ್ಲೇ ಅಕ್ಷರಗಳ ಮೇಲೆ ಮೆಲ್ಲಗೆ ಹೋದಳು. ಕೊನೆಯ ಅಕ್ಷರದ ಹತ್ತಿರ ಬೆರಳು ನಿಂತಿತು. ಅವಳ ಕಣ್ಣು ತುಂಬಿ ನಗು ಬಂತು. "ಇಲ್ನೋಡಿ, ಕಾಲು ಜಾರಿದೆ. ಯಾರೋ ಊಟಕ್ಕೆ ಕರೆದಿರ್ಬೇಕು! ಇಪ್ಪತ್ತು ವರ್ಷದ ಹುಡುಗ, ಊಟ ಅಂದ್ರೆ ಕೈ ನಿಲ್ಲುತ್ತಾ?"

ಕಾಫಿ ತಂದು ಬಾಗಿಲಲ್ಲಿ ನಿಂತಿದ್ದ ಎರ್ಮಾ ಬಟ್ಟಲನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಮಿಸ್ ಬ್ಯಾರಿಕ್ ಚೀಲದಿಂದ ತೆಳು ಕಾಗದ ತೆಗೆದು ಹೆಸರಿನ ಮೇಲಿಟ್ಟು, ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ, ಅಚ್ಚು ತೆಗೆದುಕೊಂಡಳು. ಜಾರಿದ ಕಾಲು ಸಮೇತ.

ಅಂದಿನಿಂದ ವರ್ಷವರ್ಷ ಮೇ ತಿಂಗಳ ಕೊನೆಯ ಸೋಮವಾರ, ಸತ್ತ ಸೈನಿಕರನ್ನು ನೆನೆಯುವ ದಿನ, ಬೆಳಗ್ಗೆ ಹತ್ತಕ್ಕೆ ಅವಳ ಹಳೆ ಕಾರು ಬಂದು ನಿಲ್ಲುತ್ತಿತ್ತು. ಕಾಕಂಬಿ ಹಾಕಿದ ಪೈ ಒಂದು ತರುತ್ತಿದ್ದಳು. ಎರಡನೇ ವರ್ಷ ಕ್ಯಾನ್ಸರ್ ಆಗಿದ್ದ ತಮ್ಮನನ್ನು ಹಿಡಿದುಕೊಂಡು ಬಂದಳು. ಅವತ್ತು ಹೇಳಿಯೇಬಿಡುತ್ತೇನೆ ಅಂತ ವರ್ಲಿನ್ ಗಟ್ಟಿಮನಸ್ಸು ಮಾಡಿದ್ದ. ಆ ಮನುಷ್ಯ ಬಂದೂಕಿನ ಮೇಲೆ ಕೆನ್ನೆಯಿಟ್ಟು ಹತ್ತು ನಿಮಿಷ ಎದ್ದೇಳಲಿಲ್ಲ. ಮುಂದಿನ ವರ್ಷ ಅವನಿರಲಿಲ್ಲ. ಅದರ ಮುಂದಿನ ವರ್ಷ ಜಿಲ್ಲೆಯ ಇತಿಹಾಸದ ಪುಸ್ತಿಕೆಯಲ್ಲಿ ಏಸನ ಬಂದೂಕು ಅಂತ ಪಟ ಬಂತು, ಪಕ್ಕದಲ್ಲಿ ವರ್ಲಿನ್. ಪಟದಲ್ಲಿ ಅವನ ಮುಖ ಹಲ್ಲುನೋವಿನವನ ಹಾಗಿದೆ. ಜನ ಅದನ್ನು ವಿನಯ ಅಂದುಕೊಂಡರು.

ಕಂಡುಹಿಡಿದವನು ಒಬ್ಬನೇ, ಮರ್ವಿನ್ ಸ್ಟಾಲ್. 1994ರಲ್ಲಿ ಅಗ್ನಿಶಾಮಕ ಠಾಣೆಯ ಹಾಲಿನಲ್ಲಿ ಕ್ಲಬ್ಬಿನ ಪ್ರದರ್ಶನ. ಎಲ್ಲರ ಬಲವಂತಕ್ಕೆ ವರ್ಲಿನ್ ಬಂದೂಕು ಒಯ್ದಿದ್ದ. ಸ್ಟಾಲ್ ಕೇಳಿ, ಎತ್ತಿಕೊಂಡು, ಸರಳು ಬಿಟ್ಟು ಠಣ್ ಅನ್ನಿಸಿ, ಭೂತಗನ್ನಡಿ ತೆಗೆದ. ಬಹಳ ಹೊತ್ತು ನೋಡಿದ. ಆಮೇಲೆ ಎಣ್ಣೆಬಟ್ಟೆಯಿಂದ ಒರೆಸಿ ಕೆಳಗಿಟ್ಟು ವರ್ಲಿನ್‌ನ ತೋಳು ಹಿಡಿದು ಹೊರಗೆ ಕರೆದೊಯ್ದ.

"ಹಳೆ ಕೆತ್ತನೆ ಅಂಚು ಕೈಯಾಡಿ ಆಡಿ ಮೊಂಡಾಗಿರುತ್ತೆ. ಇದು ಕೈಯನ್ನೇ ಕಂಡಿಲ್ಲ. ಅದು ಹೋಗ್ಲಿ. ಸರ್ಕಾರದ ಮುದ್ರೆ ಅಳಿಸಿಹೋಗೋಷ್ಟು ಉಜ್ಜಿದ ಮರದ ಮೇಲೆ ಹೆಸರು ಮಾತ್ರ ಹೆಂಗೆ ಉಳೀತೋ?"

ವರ್ಲಿನ್ ತಲೆ ಎತ್ತಲಿಲ್ಲ. ನಡೆದದ್ದನ್ನೆಲ್ಲ ಹೇಳಿದ. ಹೇಳಿದಾಗ ಎದೆ ಹಗುರಾಗುತ್ತದೆ ಅಂದುಕೊಂಡಿದ್ದ.

"ಆ ಟೀಚರಮ್ಮನಿಗೆ ನಾನಾಗಿ ಹೇಳಲ್ಲ," ಅಂದ ಸ್ಟಾಲ್. "ಆದ್ರೆ ಕೇಳಿಸ್ಕೋ. ಇದನ್ನ ಮಾರ್ಬೇಡ, ಯಾರಿಗೂ ಕೊಡ್ಬೇಡ, ಮ್ಯೂಸಿಯಮ್ಮಿಗೆ ದಾನ ಗೀನ ಅನ್ಬೇಡ. ನಿನ್ನ ಕೈ ದಾಟಿದ ದಿನ ನಾನು ಬಾಯಿ ಬಿಡ್ತೀನಿ. ಸುಳ್ಳು ಬಂದೂಕು ಕೈಯಿಂದ ಕೈಗೆ ಹೋಗ್ಬಾರದು. ನಿನ್ನ ಹತ್ರ ಇರೋವರೆಗೂ ಅದು ನಿನ್ನ ಪಾಪ, ನೀನೇ ಅನುಭವಿಸು."

ಅಲ್ಲಿಗೆ ಬಾಗಿಲು ಆಚೆಯಿಂದಲೂ ಹಾಕಿದ ಹಾಗಾಯಿತು. ಮಾರುವ ಹಾಗಿಲ್ಲ, ಸುಡುವ ಹಾಗಿಲ್ಲ, ಮೇ ತಿಂಗಳಿಗೆ ಅದು ಮೇಜಿನ ಮೇಲಿರಲೇಬೇಕು. ಗಿರಣಿಯಿಂದ ನಿವೃತ್ತನಾದ ಮೇಲೆ ಎರ್ಮಾಗೆ ಫ್ಲಾರಿಡಾದಲ್ಲಿ ತಂಗಿಯ ಹತ್ತಿರ ಹೋಗಿ ಇರುವ ಆಸೆ. ಇಲ್ಲಿನ ಚಳಿಗೆ ಅವಳ ಕೀಲುಗಳು ಹಿಡಿದುಕೊಳ್ಳುತ್ತಿದ್ದವು. ಹದಿನಾರು ಬಂದೂಕು ಮಾರುತ್ತೇನೆ ಅಂತ ವರ್ಲಿನ್ ಒಪ್ಪಿದ. ಹದಿನೇಳನೆಯದರ ಮಾತು ಬಂದಾಗ ಎದ್ದು ಹಿಂದಿನ ಕೋಣೆಗೆ ಹೋದ. ಅದನ್ನು ಕಟ್ಟಿಕೊಂಡು ಫ್ಲಾರಿಡಾಕ್ಕೆ ಹೋದರೆ ಮಿಸ್ ಬ್ಯಾರಿಕ್ ಎಲ್ಲಿಗೆ ಬರಬೇಕು?

"ಆ ಏಸ ಸತ್ತು ನೂರಾ ನಲವತ್ತು ವರ್ಷ ಆಯ್ತು," ಅನ್ನುತ್ತಿದ್ದಳು ಎರ್ಮಾ ಮಂಡಿ ನೀವಿಕೊಳ್ಳುತ್ತಾ. "ನಮ್ಮನೇಲಿ ಬಂದು ಕೂತೋನು ಏಳೋ ಹಾಗೇ ಕಾಣಲ್ಲ." ನಗಿಸಲು ಹೇಳುತ್ತಿದ್ದಳು. ಅವನು ನಗುತ್ತಿರಲಿಲ್ಲ. ಹದಿನಾರೂ ಮಾರಲಿಲ್ಲ, ಫ್ಲಾರಿಡಾ ಹಾಗೇ ಉಳಿಯಿತು. ಸ್ಟಾಲ್ 2001ರಲ್ಲಿ ಸತ್ತ. ಅವನ ಮಣ್ಣಿಗೆ ಹೋಗಿ ಬಂದ ದಿನ ವರ್ಲಿನ್‌ಗೆ ಒಂದು ಗಳಿಗೆ ಬಿಡುಗಡೆಯಾದ ಹಾಗೆ ಅನ್ನಿಸಿ, ಆ ಅನ್ನಿಸಿಕೆಗೇ ನಾಚಿಕೆಯಾಗಿ, ಹಿಂದಿನ ಕೋಣೆಗೆ ಹೋಗಿ ಬಂದೂಕಿಗೆ ಎಣ್ಣೆ ಹಚ್ಚುತ್ತಾ ಕೂತ.

2008ರ ಮಾರ್ಚಿನಲ್ಲಿ ಮಿಸ್ ಬ್ಯಾರಿಕ್ ಫೋನ್ ಮಾಡಿದಳು. ಆಗ ಅವಳಿಗೆ ಎಂಬತ್ತೊಂದು, ಅವನಿಗೆ ಎಪ್ಪತ್ತು. ಇಷ್ಟು ವರ್ಷದಲ್ಲಿ ಮಿಸ್ಟರ್ ಕ್ರೌಸ್ ಹೋಗಿ ವರ್ಲಿನ್ ಆಗಿದ್ದ.

"ವರ್ಲಿನ್, ಏಸನಿಗೆ ಕಲ್ಲು ನಿಲ್ಲಿಸ್ತಾ ಇದೀನಿ. ನಮ್ಮ ಚರ್ಚಿನ ಸ್ಮಶಾನದಲ್ಲಿ, ಅವನಮ್ಮನ ಪಕ್ಕ. ಕೆಳಗೆ ಅವನಿಲ್ಲ, ಇರ್ಲಿ. ಈ ಸಲ ನಾನು ಬರಲ್ಲ, ನೀನೇ ಬಂದೂಕು ತಗೊಂಡು ಬಾ. ಎರ್ಮಾನೂ ಕರ್ಕೊಂಡ್ ಬಾ. ಭಾಷಣ ಇಲ್ಲ, ಹೆದರ್ಬೇಡ."

ಕಲ್ಲು ನಿಲ್ಲುವ ಮೊದಲು ಹೇಳಿಬಿಡಬೇಕು ಅಂತ ವರ್ಲಿನ್ ಏಪ್ರಿಲ್‌ನಲ್ಲಿ ಗುಡ್ಡ ದಾಟಿ ಅವಳ ಮನೆಗೆ ಹೋದ. ಕಿಟಕಿಯ ಹತ್ತಿರ ಕೂತು ಅವಳು ಪತ್ರಿಕೆಯನ್ನು ಮೂಗಿಗೆ ಹಚ್ಚಿ ಓದಲು ಒದ್ದಾಡುತ್ತಿದ್ದಳು. "ಕಣ್ಣು ಹೋಗ್ತಾ ಇದೆ ಕಣಪ್ಪ," ಅಂದಳು. "ನಡುವಿಂದು ಕಾಣಲ್ಲ, ಸುತ್ತಲಿಂದು ಕಾಣುತ್ತೆ. ಆದ್ರೆ ಏಸನ ಹೆಸರು ಬೆರಳಲ್ಲೇ ಓದ್ತೀನಿ, ಅದೊಂದು ಸಮಾಧಾನ." ಅವಳ ಒಲೆಯ ಕೊಳವೆ ಸಡಿಲವಾಗಿತ್ತು, ವರ್ಲಿನ್ ಅದನ್ನು ಬಿಗಿ ಮಾಡಿಕೊಟ್ಟು, ಹೇಳದೆಯೇ ಬಂದ. ದಾರಿಯುದ್ದಕ್ಕೂ ಮನಸ್ಸಿಗೆ ಸಮಾಧಾನ ಹೇಳಿಕೊಂಡ: ಕಲ್ಲಿನ ಮೇಲಿನ ಹೆಸರು ಸುಳ್ಳಲ್ಲವಲ್ಲ. ಏಸ ಅನ್ನುವವನು ಇದ್ದ, ಸತ್ತ, ಅದು ನಿಜ. ಸುಳ್ಳಿರುವುದು ಮರದ ಮೇಲೆ ಮಾತ್ರ. ಕಲ್ಲಿಗೂ ತನಗೂ ಸಂಬಂಧವಿಲ್ಲ.

ಮೇ ಕೊನೆಯ ಸೋಮವಾರ ಬಿಸಿಲು ಚೆನ್ನಾಗಿತ್ತು. ಸ್ಮಶಾನದಲ್ಲಿ ಮೂವತ್ತು ಜನ ಸೇರಿದ್ದರು, ಸೈನಿಕರ ಸಮಾಧಿಗಳಿಗೆಲ್ಲ ಪುಟ್ಟ ಬಾವುಟ ಚುಚ್ಚಿತ್ತು. ವರ್ಲಿನ್ ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು ನಿಂತಿದ್ದ. ಪಕ್ಕದಲ್ಲಿ ಎರ್ಮಾ, ಕೈಯಲ್ಲಿ ಆಲೂಗಡ್ಡೆ ಸಾಲಡ್ಡಿನ ದೊಡ್ಡ ಬಟ್ಟಲು. ಪಾದ್ರಿ ಪ್ರಾರ್ಥನೆ ಮುಗಿಸಿದ. ಮಿಸ್ ಬ್ಯಾರಿಕ್ ಕೋಲೂರಿ ಮುಂದೆ ಬಂದು ಕಲ್ಲಿನ ಮೇಲಿನ ಬಟ್ಟೆ ಎಳೆದಳು.

ಕಲ್ಲು ಕೆತ್ತುವವರ ಸಪಾಟು ಅಕ್ಷರಗಳಲ್ಲ ಅವು. ಸೊಟ್ಟಗೆ, ಏರುಪೇರಾಗಿ, ಬೂದು ಗ್ರಾನೈಟಿನಲ್ಲಿ ಆಳವಾಗಿ ಕೊರೆದಿದ್ದ ಅಕ್ಷರಗಳು ವರ್ಲಿನ್‌ನವು. ಬಂದೂಕಿನ ಮೇಲಿದ್ದುದಕ್ಕಿಂತ ನಾಲ್ಕು ಪಟ್ಟು ದೊಡ್ಡವು. ಕೊನೆಯ ಅಕ್ಷರದ ಕಾಲು ಜಾರಿ ಒಂದು ಬೆರಳಿನಷ್ಟು ಆಚೆ ಹೋಗಿತ್ತು.

"ಹತ್ತೊಂಬತ್ತು ವರ್ಷದ ಹಿಂದೆ ತೆಗೆದ ಪೆನ್ಸಿಲ್ ಅಚ್ಚು ಇಟ್ಕೊಂಡಿದ್ದೆ," ಅಂತ ಮಿಸ್ ಬ್ಯಾರಿಕ್ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಅದನ್ನೇ ಕೊಟ್ಟೆ. ಕೆತ್ತೋನು ಕಾಲು ಸರಿ ಮಾಡ್ಲಾ ಅಂದ. ಕೈ ಮುರೀತೀನಿ ಅಂದೆ. ಇದು ಅವನ ಸ್ವಂತ ಕೈಬರಹ. ಅವನದ್ದು ಅಂತ ಭೂಮಿ ಮೇಲೆ ಉಳಿದಿರೋದು ಇದೊಂದೇ."

ಜನ ಮೂಗು ಒರೆಸಿಕೊಂಡರು. ಮರ ಹುಳ ತಿಂದು ಹೋಗಬಹುದು, ಮನೆಗೆ ಬೆಂಕಿ ಬೀಳಬಹುದು, ತಾನು ಸಾಯಬಹುದು ಅಂತ ವರ್ಲಿನ್ ಎಷ್ಟೋ ಸಲ ಯೋಚಿಸಿದ್ದ. ಕಲ್ಲನ್ನು ಯೋಚಿಸಿರಲಿಲ್ಲ. ಇದು ಅವನು ಹೋದ ಮೇಲೂ ಮುನ್ನೂರು ವರ್ಷ ಇಲ್ಲೇ ನಿಂತಿರುತ್ತದೆ.

ಎರ್ಮಾ ಅವನ ಮೊಣಕೈ ಹಿಡಿದಳು. ಕಣ್ಣು ಕಲ್ಲಿನ ಮೇಲೇ ಇತ್ತು. ಬಹಳ ಮೆಲ್ಲಗೆ ಅಂದಳು, "ಅವತ್ತು ನಾನು ಎರಡು ನಿಮಿಷ ತಡೆದು ಕರೀಬೇಕಿತ್ತು."

ಅವನು ತಿರುಗಿ ಹೆಂಡತಿಯ ಮುಖ ನೋಡಿದ. ಹತ್ತೊಂಬತ್ತು ವರ್ಷ ಅವಳೂ ಈ ಭಾರ ಹೊತ್ತಿದ್ದಳು, ಕೀಲುನೋವಿನ ಜೊತೆಗೆ, ಫ್ಲಾರಿಡಾದ ಆಸೆಯನ್ನು ಒಳಗೇ ಹಾಕಿಕೊಂಡು. ಒಂದು ದಿನ ಎತ್ತಿ ಆಡಿರಲಿಲ್ಲ. ಅವನಿಗೆ ದುಃಖ ಉಕ್ಕಿ ಬಂತು. ಇನ್ನು ಬಚ್ಚಿಡಲು ಆಗುವುದಿಲ್ಲ ಅನ್ನಿಸಿತು.

ಜನ ಊಟಕ್ಕೆಂದು ಚರ್ಚಿನ ಹಾಲಿನ ಕಡೆ ನಡೆದರು. ಎರ್ಮಾ ಬಟ್ಟಲು ಹೊತ್ತು ಹೋದಳು. ಮಿಸ್ ಬ್ಯಾರಿಕ್ ಮಾತ್ರ ಕಲ್ಲಿನ ಪಕ್ಕದ ಬೆಂಚಿನಲ್ಲಿ ಉಳಿದಳು. ವರ್ಲಿನ್ ಅವಳ ಎದುರು ನಿಂತ.

"ಮಿಸ್ ಬ್ಯಾರಿಕ್, ಅದನ್ನ ಕೆತ್ತಿದ್ದು ನಾನು."

"ಏನನ್ನ?"

"ಹೆಸರನ್ನ. ನೀವು ಮೊದಲ ಸಲ ಬಂದು ಹೋದ ಮೇಲೆ, ಎರಡು ವಾರದಲ್ಲಿ, ನಮ್ಮ ಗ್ಯಾರೇಜಲ್ಲಿ. ಅದಕ್ಕೆ ಮುಂಚೆ ಏನಿತ್ತೋ ಅದನ್ನ ನಾನೇ ಉಜ್ಜಿ ಹಾಕಿದ್ದೆ. ಗೊತ್ತಿಲ್ದೆ. ಬಂದೂಕು ಅವನದ್ದೇ, ಅಲ್ಲೇನೋ ಇತ್ತು. ಆದ್ರೆ ಈ ಅಕ್ಷರ ಅವನದ್ದಲ್ಲ."

ಅವಳು ಕೂತಲ್ಲಿಂದಲೇ ಕೈ ಚಾಚಿ ಕಲ್ಲಿನ ಮೇಲಿನ ಜಾರಿದ ಗೆರೆಯನ್ನು ಹುಡುಕಿ ಬೆರಳಿಟ್ಟಳು.

"ಹಾಗಾದ್ರೆ ಕರೆದಿದ್ದು ಯಾರು?"

"ಎರ್ಮಾ. ಊಟಕ್ಕೆ."

ಅವಳ ತುಟಿ ನಗುವ ಹಾಗೆ ಆಗಿ ನಗಲಿಲ್ಲ. "ಮುಂಚೆ ಇತ್ತಲ್ಲ, ಅದು ಹೇಗಿತ್ತು? ಅದನ್ನ ಹೇಳು."

"ಗೊತ್ತಿಲ್ಲ."

"ನೆನಪು ಮಾಡ್ಕೋ ವರ್ಲಿನ್. ದೊಡ್ಡ ಅಕ್ಷರಾನಾ, ಚಿಕ್ಕದಾ? ಎರಡೂ ಹೆಸರಿತ್ತಾ, ಒಂದೇನಾ?"

"ಒಂದು ಓರೆ ಗೆರೆ. ಒಂದು ನೆಟ್ಟಗಿನ ಗೆರೆ. ಅಷ್ಟೇ. ಆಣೆಗೂ ಅಷ್ಟೇ."

"ಎರಡು ಗೆರೆ," ಅಂದಳು ಮಿಸ್ ಬ್ಯಾರಿಕ್. ಆಮೇಲೆ ಅವಳಿಗೆ ಸಿಟ್ಟು ಬಂತು. ತರಗತಿಯಲ್ಲಿ ಕೂಡ ಅವಳಿಗೆ ಅಂಥ ಸಿಟ್ಟು ಬಂದದ್ದನ್ನು ಯಾರೂ ಕಂಡಿರಲಿಕ್ಕಿಲ್ಲ. "ನನಗೆ ಯಾಕೆ ಹೇಳಿದೆ? ಹತ್ತೊಂಬತ್ತು ವರ್ಷ ಇಟ್ಕೊಂಡಿದ್ದೆಯಲ್ಲ, ನಾನು ಸಾಯೋವರೆಗೂ ಇಟ್ಕೊಳ್ಳೋಕೆ ಏನಾಗಿತ್ತು? ನನ್ನ ತಮ್ಮ ಅದರ ಮೇಲೆ ಕೆನ್ನೆಯಿಟ್ಟು, ಅದನ್ನೇ ನಂಬಿ ಸತ್ತ. ನಿನ್ನ ಎದೆ ಹಗುರ ಮಾಡ್ಕೊಳ್ಳೋಕೆ ನನ್ನ ಎದೆ ಬೇಕಿತ್ತಾ?"

ಬಂದೂಕು ವರ್ಲಿನ್‌ನ ಕೈಯಲ್ಲಿ ಭಾರವಾಗಿತ್ತು. ಅದನ್ನು ಬೆಂಚಿನ ಮೇಲಿಡಲೂ ಧೈರ್ಯ ಬರಲಿಲ್ಲ. "ಕಲ್ಲು ತೆಗೆಸಿಬಿಡೋಣ," ಅಂದ. "ಎಲ್ಲರ ಮುಂದೆ ನಾನೇ ಹೇಳ್ತೀನಿ. ಈಗಲೇ."

"ತೆಗೆಸಿ ಏನು ಬರೆಸ್ಲಿ? ಓರೆ ಗೆರೇನಾ?"

ಅಷ್ಟರಲ್ಲಿ ಪಾದ್ರಿಯ ಹೆಂಡತಿ ಒಂದು ತಟ್ಟೆ ಊಟ ಹಿಡಿದು ಹುಲ್ಲಿನ ಮೇಲೆ ನಡೆದು ಬಂದಳು. ಬೆಳಗಿನಿಂದ ಅಡುಗೆಮನೆಯಲ್ಲಿದ್ದವಳು, ಕಲ್ಲನ್ನು ಈಗಲೇ ನೋಡುತ್ತಿದ್ದುದು.

"ಮಿಸ್ ಬ್ಯಾರಿಕ್, ನಿಮ್ಮ ತಟ್ಟೆ ಇಲ್ಲಿಗೇ ತಂದೆ. ಅಯ್ಯೋ, ಎಷ್ಟು ಚೆನ್ನಾಗಿದೆ!" ಅವಳು ಬಗ್ಗಿ ನೋಡಿದಳು. "ಈ ಕೊನೇದು ಯಾಕೆ ಹಿಂಗಾಗಿದೆ? ಕೆತ್ತೋನು ತಪ್ಪು ಮಾಡಿದ್ನಾ?"

ವರ್ಲಿನ್ ಬಾಯಿ ತೆರೆದ. ಮಿಸ್ ಬ್ಯಾರಿಕ್ ಕೋಲಿನ ತುದಿಯನ್ನು ಅವನ ಬೂಟಿನ ಮೇಲಿಟ್ಟು ಒತ್ತಿದಳು.

"ತಪ್ಪಲ್ಲಮ್ಮ," ಅಂದಳು. ಹತ್ತೊಂಬತ್ತು ವರ್ಷ ಹೇಳಿ ಹೇಳಿ ರೂಢಿಯಾದ ಮಾತು, ಆದರೂ ಅವತ್ತು ಅವಳಿಗೆ ಒಂದೊಂದೇ ಪದ ಹುಡುಕಬೇಕಾಯಿತು. "ಕೆತ್ತುವಾಗ ಏಸನನ್ನ ಯಾರೋ ಊಟಕ್ಕೆ ಕರೆದ್ರು. ಕೈ ಜಾರಿತು."

"ಪಾಪ, ಹುಡುಗ!" ಅಂದು ಪಾದ್ರಿಯ ಹೆಂಡತಿ ತಟ್ಟೆ ಕೊಟ್ಟು ಹೋದಳು.

ಮಿಸ್ ಬ್ಯಾರಿಕ್ ತಟ್ಟೆಯನ್ನು ಮುಟ್ಟಲಿಲ್ಲ. ಕೋಲು ತೆಗೆಯಲೂ ಇಲ್ಲ. "ಮುಂದಿನ ಮೇಗೂ ತಗೊಂಡು ಬಾ," ಅಂದಳು ಅವನ ಕಡೆ ನೋಡದೆ. "ತರದೇ ಇದ್ರೆ ಜನ ಕೇಳ್ತಾರೆ."

ವರ್ಲಿನ್ ಆಗಲಿ ಅಂದ. ಆಮೇಲೆ ಜೇಬಿನಿಂದ ಎಣ್ಣೆಬಟ್ಟೆ ತೆಗೆದು, ತನ್ನ ಬೆವರುಗೈ ತಗುಲಿದ್ದ ನಳಿಗೆಯನ್ನು ಒರೆಸತೊಡಗಿದ.